ನಿಧಾನ ಅಂತ ನೀನು ಹೇಳುತ್ತಲೇ ಇದ್ದೆ

ಗಿರಿ,

ಇವತ್ತು ಬೆಳಿಗ್ಗೆ ಹಲಸೂರಿನ ನಿಮ್ಮ ಮನೆಗೆ ಹೋಗಿದ್ದೆ, ಆರು ವರ್ಷದ ಮೇಲೆ.

ಅಪಘಾತವಾದ ದಿನ ಬೈಕ್ ಓಡಿಸುತ್ತಿದ್ದವನು, ಸಿಗ್ನಲ್ ಹಾರಿಸಿದವನು ನಾನು. ಹಿಂದೆ ಕೂತಿದ್ದ ನೀನು "ನಿಧಾನ ಮಗಾ" ಅನ್ನುತ್ತಲೇ ಇದ್ದೆ. ನೀನು ಸತ್ತ ಮೇಲೆ, ಓಡಿಸುತ್ತಿದ್ದವನು ನೀನೇ ಎಂದು ಪೊಲೀಸರಿಗೆ ಹೇಳಿಬಿಟ್ಟೆ.

ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಚರ್ಚಿಗೆ ಹೋಗಿ, ಫಾದರ್ ಮುಂದೆ ಪಾಪನಿವೇದನೆ ಮಾಡಿ ಅಳುತ್ತಿದ್ದೆ. ಮನಸ್ಸು ಹಗುರವಾಗುತ್ತಿತ್ತು. ಹೊರಗೆ ಬಂದು ಕಾಫಿ ಕುಡಿಯುತ್ತಿದ್ದೆ. ಈ ಸಲ ಹೊಸ ಫಾದರ್ ಕೇಳಿದರು:

"ಅವನ ತಾಯಿಗೆ ಹೇಳಿದ್ಯಾ?"

"ಇಲ್ಲ ಫಾದರ್."

"ಹಾಗಾದ್ರೆ ನಿನಗೆ ಬೇಕಾಗಿರೋದು ನೆಮ್ಮದಿ ಅಷ್ಟೇ ಕಣಪ್ಪ. ಇದು ಪಶ್ಚಾತ್ತಾಪ ಅಲ್ಲ. ಮೊದಲು ಅವರ ಮನೆಗೆ ಹೋಗು."

ನಿಮ್ಮಮ್ಮ ಸೊಪ್ಪು ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ಸ್ಟೇಷನ್ನಿಗೂ ಹೋಗಿ ಹೇಳುತ್ತೇನೆ ಎಂದೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ.

"ಆರು ವರ್ಷದಿಂದ ಅವನ್ನ ಬೈಕೊಂಡೇ ದೀಪ ಹಚ್ತಿದ್ದೆನಲ್ಲೋ," ಅಂದರು.

ನಿನ್ನ ಫೋಟೊವನ್ನು ಗೋಡೆಯಿಂದ ಇಳಿಸಿ, ಸೆರಗಿನಿಂದ ಒರೆಸಿ, ಎದೆಗೆ ಒತ್ತಿಕೊಂಡರು.

"ತಪ್ಪಾಯ್ತು ಕಂದ. ನಿನ್ನ ನಾನು ಅನುಮಾನಿಸಿಬಿಟ್ಟೆ."

ನಾನು ಮಂಡಿಯೂರಿ ಅಲ್ಲೇ ಇದ್ದೆ. ನನ್ನ ಬಾಯಿಂದ ಬರಬೇಕಾಗಿದ್ದ ಮಾತನ್ನು ಅವರು ಹೇಳುತ್ತಿದ್ದರು, ಗಿರಿ.

ಅಮಲದಾಸ