ಮೂಲಾಂನಲ್ಲಿ ಎರಡು ದಿನ

ವಿತ್ರೆ
ನವೆಂಬರ್ ೨೩

ಪ್ರೀತಿಯ ಅನ್ನಿಕ್,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ತಂಗಿಯನ್ನು ಹೇಗಿದ್ದೀಯೆ ಎಂದೂ ಕೇಳದವಳು ಎಂಥ ಅಕ್ಕ ಎಂದು ಬೈದುಕೊಂಡಿರುತ್ತೀಯೆ. ಬೈದುಕೋ, ಆದರೆ ಹನಿ ಹಾಕಿಕೊಳ್ಳುವುದನ್ನು ಮಾತ್ರ ತಪ್ಪಿಸಬೇಡ. ಇಲ್ಲಿ ಮಂಜು ಶುರುವಾಗಿದೆ. ನಿನ್ನ ಭಾವ ಇವೊನ್‌ನ ಕೆಮ್ಮು ಹಾಗೆಯೇ ಇದೆ. ಬರೆಯಬೇಕೆಂದು ಕೂತಾಗಲೆಲ್ಲ ಏನೋ ಒಂದು ನೆಪ ಹುಡುಕಿಕೊಂಡು ಎದ್ದುಬಿಡುತ್ತಿದ್ದೆ.

ನಾವು ಮೂಲಾಂಗೆ ಹೋಗಿ ಬಂದೆವು. ಗಾಯೆಲ್‌ನನ್ನು ನೋಡಲು. ಅಲ್ಲಿನ ಜೈಲಿಗೆ ಅವನನ್ನು ಸಾಗಿಸಿದ ಮೇಲೆ ಇದೇ ಮೊದಲು.

ಪಕ್ಕದ ಮನೆಯ ಮದಾಂ ಬೆರ್ತೊಗೆ ಇವೊನ್ ಹೇಳಿದ್ದು ಬೇರೆ. ವಾರದ ಕೊನೆಗೆ ಸುಮ್ಮನೆ ಸುತ್ತಾಡಿಕೊಂಡು ಬರುತ್ತೇವೆ ಅಂದ. "ಮೂಲಾಂಗಾ? ಅಲ್ಲೇನಿದೆ ರೀ ಮಣ್ಣು! ಜನ ಸಮುದ್ರ ನೋಡೋಕೆ ಹೋಗ್ತಾರೆ, ನೀವು ಹಸು ನೋಡೋಕೆ ಹೊರಟ್ರಲ್ಲ!" ಎಂದು ಆಕೆ ನಕ್ಕಳು. "ಕೆಥೆಡ್ರಲ್ ಇದೆ, ಒಳಗೆ ಹಳೇ ಕಾಲದ ಚಿತ್ರ ಇದೆ. ಗಂಟೆ ಹೊಡೆಯೋ ಗೊಂಬೆಗಳಿವೆ," ಎಂದು ಇವೊನ್ ಪಾಠ ಒಪ್ಪಿಸಿದ. ಈ ಊರಿನಲ್ಲಿ ಯಾರಿಗೂ ನಮ್ಮ ವಿಷಯ ಗೊತ್ತಿಲ್ಲ. ಅದಕ್ಕೇ ಅಲ್ಲವೇ ಕೊಂಕಾರ್ನೋ ಬಿಟ್ಟು, ನಿನ್ನನ್ನೂ ಸಮುದ್ರವನ್ನೂ ಬಿಟ್ಟು, ಇಲ್ಲಿಗೆ ಬಂದು ಕೂತಿರುವುದು.

ಇವೊನ್ ಬಂದದ್ದು ನನ್ನ ಜೊತೆಗೆ ಮಾತ್ರ. "ನಿನ್ನನ್ನ ಒಬ್ಬಳೇ ಕಳಿಸಲ್ಲ. ಆದ್ರೆ ಆ ಗೇಟು ನಾನು ದಾಟಲ್ಲ. ಬಲವಂತ ಮಾಡಬೇಡ," ಅಂದಿದ್ದ. ತೀರ್ಪು ಹೇಳಿದ ದಿನದಿಂದ ಅವನು ಮಗನ ಹೆಸರನ್ನೇ ಎತ್ತಿಲ್ಲ, ನಿನಗೆ ಗೊತ್ತು. ಶನಿವಾರ ಮೂಲಾಂನಲ್ಲಿ ಇಳಿದ ಮೇಲೆ ಜೈಲಿನ ಕಡೆಗೆ ಹೋಗುವ ಬಸ್ಸಿನ ನಿಲ್ದಾಣದವರೆಗೆ ಬಂದ, ನನ್ನ ಮಫ್ಲರ್ ಸರಿಮಾಡಿದ, ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕೆಥೆಡ್ರಲ್ ಕಡೆ ನಡೆದುಬಿಟ್ಟ.

ಜೈಲಿನ ಕಾಯುವ ಕೋಣೆಯಲ್ಲಿ ಎಲ್ಲರೂ ಹೆಂಗಸರೇ. ಯಾವುದೋ ಮದುವೆಗೆ ಬಂದವರ ಹಾಗೆ ಅಲಂಕಾರ ಮಾಡಿಕೊಂಡಿದ್ದರು. ನನ್ನ ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಸಾಬ್ರಿನಾ ಅಂತ ಹೆಸರು, ಗಂಡನನ್ನು ನೋಡಲು ಬಂದವಳು.

"ಮೊದಲ್ನೇ ಸಲಾನಾ ಅಮ್ಮಾ?" ಅಂದಳು.

"ಹೇಗೆ ಗೊತ್ತಾಯ್ತು?"

"ಕೈಚೀಲ ಹಾಗೆ ತಬ್ಕೊಂಡಿದೀರಲ್ಲ. ಅದನ್ನ ಒಳಗೆ ಬಿಡಲ್ಲ, ಅಲ್ಲಿ ಬೀರು ಇದೆ, ಇಡಿ. ಒಳಗೆ ತಂತಿ ಇರೋ ಬ್ರಾ ಹಾಕಿದ್ರೆ ಈಗ್ಲೇ ಹೋಗಿ ತೆಗೆದುಬಿಡಿ. ಇಲ್ದಿದ್ರೆ ಆ ಯಂತ್ರ ಕಿರ್ರೋ ಅನ್ನುತ್ತೆ, ಕಾವಲಿನವರು ಹಲ್ಲು ಕಿರೀತಾರೆ."

ಈ ವಯಸ್ಸಿನಲ್ಲಿ, ಅನ್ನಿಕ್, ಜೈಲಿನ ಕಕ್ಕಸಿನಲ್ಲಿ ನಿಂತು ಒಳಉಡುಪು ಬಿಚ್ಚಿ ಕೋಟಿನ ಜೇಬಿಗೆ ತುರುಕಿಕೊಂಡೆ. ವಾಪಸು ಬಂದಾಗ ಅವಳೂ ನಾನೂ ಶಾಲೆಯ ಹುಡುಗಿಯರಂತೆ ನಕ್ಕೆವು. ಆ ಎರಡು ದಿನಗಳಲ್ಲಿ ನಾನು ನಕ್ಕದ್ದು ಅಷ್ಟೇ.

ಗಾಯೆಲ್ ಬಂದ. ತುಂಬಾ ಇಳಿದುಹೋಗಿದ್ದಾನೆ. ತಲೆ ಬೋಳಿಸಿದ್ದಾನೆ, ಪಕ್ಕದ ಒಂದು ಹಲ್ಲು ಹೋಗಿದೆ. ರಟ್ಟಿನ ಪೆಟ್ಟಿಗೆ ಮಡಿಸುವ ಕೆಲಸ ಕೊಟ್ಟಿದ್ದಾರಂತೆ. ಊಟ ಪರವಾಗಿಲ್ಲ, ಮೀನು ಮಾತ್ರ ಬಾಯಿಗಿಡೋಕಾಗಲ್ಲ ಅಂದ. ಮೇಜಿನ ಮೇಲೆ ನನ್ನ ಕೈ ಹಿಡಿದುಕೊಂಡೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ, ನಾನು ಹೆದರುತ್ತಿದ್ದ ಮಾತು ಬಂತು.

"ಅಪ್ಪ ಬಂದಿಲ್ವಾ?"

"ಮಂಡಿ ನೋವು ಕಣೋ. ರೈಲಲ್ಲಿ ಅಷ್ಟು ದೂರ ಕೂರೋಕಾಗಲ್ಲ. ಮನೇಲೇ ಇದಾರೆ."

"ಬರ್ತೀನಿ ಅಂದಿದ್ರಾ?"

"ಅಂದಿದ್ರು. ತುಂಬಾ ಆಸೆ ಇತ್ತು."

ಅವನ ಮುಖ ಅರಳಿತು. ಎಷ್ಟು ಸುಲಭವಾಗಿ ನಂಬಿದ! "ಹಾಗಾದ್ರೆ ಬೇಸಿಗೇಲಿ ಬರ್ಲಿ, ಬಿಸಿಲಿಗೆ ನೋವು ಕಮ್ಮಿ ಆಗುತ್ತೆ," ಅಂದ. ನಾನು ತಲೆಯಾಡಿಸಿದೆ. ಮಾರನೆಯ ದಿನವೂ ಬರುತ್ತೇನೆಂದು ಹೇಳಿ ಹೊರಟೆ.

ಸಂಜೆ ಚೌಕದ ಹೋಟೆಲಿನಲ್ಲಿ ಇವೊನ್ ಜೊತೆ ಊಟಕ್ಕೆ ಕೂತಿದ್ದೆ. ಅವನು ಒಂದಾದ ಮೇಲೊಂದು ಫೋಟೋ ತೋರಿಸುತ್ತಿದ್ದ. ದೇವಮಾತೆಯ ಚಿತ್ರ, ಬಣ್ಣದ ಗಾಜಿನ ಕಿಟಕಿ, ಆಲ್ಯೇ ನದಿಯ ಸೇತುವೆ. ಮಗ ಹೇಗಿದ್ದಾನೆ ಎಂದು ಕೇಳಲಿಲ್ಲ. ಆಗ ಸಾಬ್ರಿನಾ ಕೂಸಿನ ಗಾಡಿ ತಳ್ಳಿಕೊಂಡು ಒಳಗೆ ಬಂದಳು. "ಓ ಅಮ್ಮಾ! ಇವರು ಯಜಮಾನ್ರಾ? ನಿಮ್ಮ ಹುಡುಗನೂ ನಮ್ಮವನೂ ಒಂದೇ ಸಾಲಿನ ಕೋಣೇಲಿದಾರಂತೆ!" ಅಂದಳು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಇವೊನ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. "ನೀವು ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದೀರಿ. ನಾವು ಊರು ನೋಡೋಕೆ ಬಂದವರು."

ಅವಳು ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. "ಹಾಗಾ? ಚೆನ್ನಾಗಿ ನೋಡ್ಕೊಂಡು ಹೋಗಿ ಹಾಗಾದ್ರೆ," ಎಂದು ಗಾಡಿ ತಿರುಗಿಸಿಕೊಂಡು ಹೊರಟುಹೋದಳು.

ಭಾನುವಾರ ಮಧ್ಯಾಹ್ನ ಜೈಲಿನ ಬಾಗಿಲಲ್ಲಿ ಕಾವಲಿನವನು ನನ್ನನ್ನು ಪಕ್ಕಕ್ಕೆ ಕರೆದ. ಒಳ್ಳೆಯ ಹುಡುಗ, ಅವನಿಗೂ ಸಂಕೋಚ. "ನಿಮ್ಮ ಮಗ ಬರಲ್ಲ ಅಂತ ಹೇಳಿ ಕಳ್ಸಿದಾರೆ, ಮದಾಂ. ನಾವು ಬಲವಂತ ಮಾಡೋ ಹಾಗಿಲ್ಲ."

ಹೊರಗೆ ಬಸ್ಸಿಗೆ ಕಾಯುತ್ತಾ ಸಾಬ್ರಿನಾ ನಿಂತಿದ್ದಳು. ನನ್ನನ್ನು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. "ಬೆಳಿಗ್ಗೆ ನಮ್ಮವನ ಹತ್ರ ಸಿಟ್ಟಲ್ಲಿ ಹೋಟೆಲಲ್ಲಿ ಆಗಿದ್ದೆಲ್ಲಾ ಹೇಳ್ಬಿಟ್ಟೆ. ಅವನು ಹೋಗಿ ನಿಮ್ಮ ಹುಡುಗನ್ನ ಕೇಳಿದಾನೆ, 'ಏನೋ, ನಿಮ್ಮಪ್ಪ ಊರಲ್ಲೇ ಇದ್ಕೊಂಡು ನಿನ್ನ ನೋಡೋಕೆ ಬರ್ಲಿಲ್ವಂತೆ?' ಅಂತ. ಈಗ ಮತ್ತೆ ಒಳಗೆ ಹೋದಾಗ ಅವನೇ ಹೇಳ್ದ. ಅಪ್ಪ ಮನೇಲೇ ಇದಾರೆ ಅಂತ ನೀವು ಸುಳ್ಳು ಹೇಳಿರೋದು ನಂಗೇನು ಗೊತ್ತಮ್ಮಾ?" ಎಂದು ಅತ್ತಳು. ನಾನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ಬೈಯಲು ಬಾಯಿ ಬರಲಿಲ್ಲ. ತಪ್ಪು ಅವಳದಲ್ಲವಲ್ಲ.

ಇವೊನ್ ಗಡಿಯಾರದ ಗೋಪುರದ ಕೆಳಗೆ ನಿಂತಿದ್ದ. ಕಬ್ಬಿಣದ ಅಪ್ಪ, ಅಮ್ಮ, ಮಕ್ಕಳು ಸುತ್ತಿಗೆ ಎತ್ತಿ ಗಂಟೆ ಹೊಡೆಯುವುದನ್ನು ನೋಡಲು ಹತ್ತಾರು ಜನರ ನಡುವೆ ಮುಖ ಮೇಲೆತ್ತಿಕೊಂಡಿದ್ದ. ಅಲ್ಲೇ ಹೇಳಿದೆ.

"ಅವನು ಹೊರಗೆ ಬರ್ಲಿಲ್ಲ. ನೀನು ಊರಲ್ಲಿರೋದು ಗೊತ್ತಾಗಿದೆ."

ಗಂಟೆ ಬಡಿದು ಮುಗಿಯುವವರೆಗೂ ಅವನು ಆ ಗೊಂಬೆಗಳನ್ನೇ ನೋಡಿದ. ಆಮೇಲೆ ಮೆಲ್ಲಗೆ, "ನಾನು ಅವನ ಮುಂದೆ ಹೋಗಿ ಏನು ಅನ್ಲಿ, ಆರ್ಮೆಲ್? ಮಗನೇ ಅನ್ಲಾ?" ಎಂದು ಕೇಳಿದ. ರೈಲಿಗೆ ಇನ್ನೂ ಹೊತ್ತಿತ್ತು. ಕೆಥೆಡ್ರಲ್ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದ. "ಸ್ವಲ್ಪ ನಗು, ಮದಾಂ ಬೆರ್ತೊ ಕೇಳ್ತಾಳೆ," ಅಂದ. ನಕ್ಕೆ. ಚೆನ್ನಾಗಿ ಬಂದಿದೆ ಆ ಫೋಟೋ.

ಗಾಯೆಲ್‌ಗೆ ಆಮೇಲೆ ಎರಡು ಸಲ ಬರೆದೆ. ಉತ್ತರವಿಲ್ಲ. ನೀನಾದರೂ ಅವನಿಗೆ ನಾಲ್ಕು ಸಾಲು ಬರೆ, ಚಿಕ್ಕಮ್ಮನ ಮೇಲೆ ಅವನಿಗೆ ಯಾವಾಗಲೂ ಅಕ್ಕರೆ. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೋ. ನಮ್ಮ ಕಡಲ ತೀರವನ್ನು ಹೊಸ ಕಣ್ಣಲ್ಲಿ ನನ್ನ ಪಾಲಿಗೂ ನೋಡು. ದೇವಮಾತೆ ನಿನ್ನನ್ನೂ ನಿನ್ನ ಮಕ್ಕಳನ್ನೂ ಒಂದೇ ಸೂರಿನಡಿ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಆರ್ಮೆಲ್

ತಾ.ಕ. ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಇದನ್ನು ಇವೊನ್‌ಗೆ ಹೇಳಲಾರೆ, ಪಾದ್ರಿಗಳ ಮುಂದೆಯೂ ಹೇಳಲಾರೆ. ಶನಿವಾರ ಆ ಕೋಣೆಯ ಬಾಗಿಲು ತೆರೆದು ಗಾಯೆಲ್ ಒಳಗೆ ಕಾಲಿಟ್ಟಾಗ, ಅಷ್ಟು ಇಳಿದುಹೋಗಿದ್ದನಲ್ಲ, ಆ ಹೆಗಲು, ಆ ನಡಿಗೆ ಕಂಡು ನನ್ನ ಬಾಯಿಂದ "ರೊನಾನ್" ಎಂದು ಬಂದುಬಿಟ್ಟಿತು. ಅವನ ಅಣ್ಣನ ಹೆಸರು, ಅನ್ನಿಕ್. ಅವನ ಕೈಯಿಂದಲೇ ಸತ್ತ ನನ್ನ ಹಿರಿಮಗನ ಹೆಸರು. ಅವನು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. "ಹೂಂ, ಅಮ್ಮಾ," ಅಂದ. ಹೊರಡುವಾಗ ಮತ್ತೆ ಅದೇ ಹೆಸರು ಹಿಡಿದು ಕರೆದೆ. ಆ ಸಲ ಬಾಯಿ ತಪ್ಪಿದ್ದಲ್ಲ. ಆಗಲೂ ಅವನು ಓಗೊಟ್ಟ.