ಹನ್ನೊಂದು ಹೂಕುಂಡಗಳ ಮರಣವಾರ್ತೆ

ಗೆಳೆಯಾ,

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗಿನ ಭೂಕಂಪದಲ್ಲಿ ನನ್ನ ಹನ್ನೊಂದು ಹೂಕುಂಡಗಳು ನುಚ್ಚುನೂರಾದವು. ಬೇರಾವ ಹಾನಿಯೂ ಇಲ್ಲ. ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದ ನಮ್ಮ ಕಚೇರಿ, ನೀನು ಹಟ ಹಿಡಿದು ಕಂಬಗಳಡಿ ಇಡಿಸಿದ ರಬ್ಬರ್ ದಿಂಬುಗಳ ಮೇಲೆ ಗೇಣುದ್ದ ಓಲಾಡಿ ಸುಮ್ಮನೆ ನಿಂತಿತು. ಓಲಾಡಲೆಂದೇ ನೀನು ಸುತ್ತ ಬಿಡಿಸಿದ್ದ ಸಂದನ್ನು ದಂಡವೆಂದು ಜರಿದು, ಹಸಿರಿನ ಹೆಸರಲ್ಲಿ ಅದರೊಳಗೇ ಕುಂಡ ಜೋಡಿಸಿದವನು ನಾನೇ.

"ನಿಮ್ಮ ಗೆಳೆಯ ಇನ್ನೂ ಇಲ್ಲೇ ಕೆಲಸದಲ್ಲಿ ಇದ್ದಿದ್ರೆ ಹೆಗಲ ಮೇಲೆ ಹೊತ್ಕೊಂಡು ಕುಣೀತಿದ್ದೆ ಕಣ್ರೀ!" ಎಂದರು ಮ್ಯಾನೇಜರ್. "ನೀವ್ಯಾಕೆ ಮುಖ ಹುಳ್ಳಗೆ ಮಾಡ್ಕೊಂಡಿದ್ದೀರಿ?"

ಹೊಟ್ಟೆ ಉರಿಯಿತು. ಒಂದು ಕಿಟಕಿಯಾದರೂ ಒಡೆಯಬಾರದಿತ್ತೇ! ದಿಂಬುಗಳು ದುಂದುವೆಚ್ಚವೆಂದು ನಿನ್ನ ಮೇಲೆ ನಾನು ಬರೆದ, ನಿನ್ನನ್ನು ಇಲ್ಲಿಂದ ಕಳಿಸಿದ ದೂರಿನ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇದನ್ನು ನಾನು ಕಳಿಸುವುದಿಲ್ಲ, ಬಿಡು. ಆದರೂ ದಿಂಬುಗಳನ್ನು ಪರೀಕ್ಷಿಸಬೇಕಾಗಿದೆ, ನೆಲಮಾಳಿಗೆಯ ಬೀಗದ ಕೈ ನಿನ್ನ ಬಳಿಯೇ ಉಳಿದಿದೆ. ಅಂಚೆಗೆ ಹಾಕಬೇಡ, ನೀನೇ ತಂದುಕೊಡು.