ಒಂದು ಜೇಬು ಕೆಳಗಿಳಿದ ಜಾಕೆಟ್

ಬಳ್ಳಾರಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಮೂರನೇ ಇಸವಿ.

ಈ ಜಾಕೆಟ್ ಹೊಲಿದವರಿಗೆ,

ತಾರೀಖು ನೋಡಿ ನಗಬೇಡಿ. ಬಿಸಿಲು ತಾಳಲಾರದೆ ನಮ್ಮ ಕಾಲದವರು ಮೇ ತಿಂಗಳಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಅಂಟಿಸಿಕೊಂಡಿದ್ದಾರೆ. ಬಿಸಿಲೇನೂ ಕಡಿಮೆಯಾಗಲಿಲ್ಲ, ಪಂಚಾಂಗದವರ ತಲೆ ಕೆಟ್ಟಿತು ಅಷ್ಟೆ. ನನ್ನ ಮಾತಿನಲ್ಲಿ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದು ಹಿನ್ನಂಚೆಯಲ್ಲಿ ಬರುತ್ತಿರುವ ಕಾಗದ. ಹಿನ್ನಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಅದರಲ್ಲಿ ಮಾತು ಮಾತ್ರ ಹೋಗುತ್ತದೆ, ಸಾಮಾನು ಹೋಗುವುದಿಲ್ಲ, ಉತ್ತರವಂತೂ ಬರುವುದೇ ಇಲ್ಲ. ಕೂತು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಡುಗೆಮನೆಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಅಡುಗೆಮನೆಗೆ ಓಡಾಡುತ್ತಾ ಹೇಳುತ್ತಿದ್ದೇನೆ, ಗೋಡೆ ಬರೆದುಕೊಳ್ಳುತ್ತಿದೆ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹೆಂಗಸೋ ಗಂಡಸೋ ಅದೂ ಗೊತ್ತಿಲ್ಲ. ನಿಮ್ಮ ಕೈ ಮಾತ್ರ ಗೊತ್ತು. ಎಡಗಡೆಯ ಜೇಬನ್ನು ಬಲಗಡೆಯದಕ್ಕಿಂತ ಒಂದು ಬೆರಳು ಕೆಳಗೆ ಹೊಲಿದಿದ್ದೀರಿ. ಜೇಬಿನ ಒಳಕ್ಕೆ ನೀಲಿ ಬಟ್ಟೆ ಸಾಲದೆ ಯಾವುದೋ ಹಳದಿ ಹೂವಿನ ತುಂಡು ಹಾಕಿದ್ದೀರಿ. ಕಾಲರಿನ ಹಿಂದೆ ಯಾವ ಕಂಪನಿಯ ಹೆಸರೂ ಇಲ್ಲ, ಬಳ್ಳಾರಿ ಅಂತ ಕೆಂಪು ದಾರದಲ್ಲಿ ಕೈಯಲ್ಲೇ ಹೊಲಿದ ಮೂರಕ್ಷರ. ಆ ಕಾಲದಲ್ಲಿ ನಮ್ಮೂರಲ್ಲಿ ಗಲ್ಲಿಗೊಬ್ಬರು ಜೀನ್ಸ್ ಹೊಲಿಯುತ್ತಿದ್ದರಂತೆ. ಆ ಗಲ್ಲಿಗಳಲ್ಲಿ ಯಾವುದೋ ಒಂದರಲ್ಲಿ ನೀವು ಇದ್ದೀರಿ, ಈ ಕಾಗದ ಹುಡುಕಿಕೊಂಡು ಬರುತ್ತದೆ ಅಂತ ನಂಬಿದ್ದೇನೆ.

ನನ್ನ ಹೆಸರು ಪಂಪಾವತಿ. ಅರವತ್ತು ದಾಟಿದವಳು. ನನಗೊಬ್ಬಳು ಅವಳಿ ಇದ್ದಳು, ತುಂಗಾವತಿ. ಒಂದೇ ಮುಖ, ಒಂದೇ ಎತ್ತರ, ನಡಿಗೆಯೂ ಒಂದೇ. ದೀಪಾವಳಿ ಆದಮೇಲೆ ತೀರಿಕೊಂಡಳು. ನಮ್ಮವ್ವ ಎರ್ರಮ್ಮ ಕೌಲ್ ಬಜಾರಿನ ಮನೆಯಲ್ಲಿದ್ದಾಳೆ, ತೊಂಬತ್ತರ ಹತ್ತಿರ. ತುಂಗಾ ಅವಳ ಜೊತೆಗೇ ಇದ್ದವಳು, ಹಾಗಾಗಿ ಆ ಮುಖ ಕಂಡರೆ ಅವ್ವನ ಬಾಯಿಗೆ ಬರುವುದು ಆ ಹೆಸರೇ. ನಾನು ಬಾಗಿಲಲ್ಲಿ ನಿಂತರೆ ಸಾಕು, ಮುಖ ಅರಳುತ್ತದೆ, ತುಂಗಾ, ಬಂದ್ಯಾ ಅನ್ನುತ್ತಾಳೆ. ಅರೆಗಳಿಗೆಯಲ್ಲಿ ನೆನಪಾಗುತ್ತದೆ. ಆಮೇಲೆ ಅವತ್ತೇ ಮಗಳು ಹೋದಳೇನೋ ಅನ್ನುವ ಹಾಗೆ ಎದೆ ಬಡಿದುಕೊಂಡು ಅಳುತ್ತಾಳೆ. ನಾನು ಹೋದಷ್ಟು ಸಲವೂ ನಮ್ಮವ್ವನ ಪಾಲಿಗೆ ತುಂಗಾ ಇನ್ನೊಂದು ಸಲ ಸತ್ತಳು. ಸಂಕ್ರಾಂತಿಯಿಂದ ಹೋಗುವುದನ್ನೇ ಬಿಟ್ಟೆ. ನೆರೆಯವರು ಅವಳ ಊಟ ತಿಂಡಿ ನೋಡಿಕೊಳ್ಳುತ್ತಿದ್ದರು, ಹೆತ್ತ ಮಗಳು ನಾನು ಆ ಬೀದಿಯ ಕಡೆ ತಲೆ ಹಾಕುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ. ನಾನು ಬಾಗಿಲಲ್ಲಿ ನಿಂತ ತಕ್ಷಣ ಇವಳು ಪಂಪಾ ಅಂತ ಅವ್ವನಿಗೆ ಕಾಣಬೇಕು.

ಬೇರೆ ಬಟ್ಟೆ ಹಾಕಿಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳುತ್ತೀರಿ. ಅಲ್ಲೇ ಇರುವುದು ನಮ್ಮ ಕಾಲದ ಕರ್ಮ. ನಮ್ಮಲ್ಲಿ ಯಾರ ಮನೆಯಲ್ಲೂ ಬಟ್ಟೆ ಇಲ್ಲ. ಬೆಳಗ್ಗೆ ಗೋಡೆಯ ಗೂಡಿನಲ್ಲಿ ನಿಂತರೆ ಮೈಪದರ ಬಂದು ಕೂರುತ್ತದೆ. ಅದು ಸೀರೆಯಂತೆಯೂ ಕಾಣಬಹುದು, ಕೋಟಿನಂತೆಯೂ ಕಾಣಬಹುದು, ಮುಟ್ಟಿದರೆ ಮಾತ್ರ ಬಾಳೆಲೆ ಮುಟ್ಟಿದಂತೆ ತಣ್ಣಗೆ. ಸಂಜೆ ಕರಗುನೀರಿನ ತೊಟ್ಟಿಗೆ ಇಳಿದರೆ ಅಷ್ಟೂ ಕರಗಿ ಹೋಗುತ್ತದೆ. ಒಗೆಯುವುದಿಲ್ಲ, ಮಡಚುವುದಿಲ್ಲ, ಇಸ್ತ್ರಿ ಅಂದರೇನೆಂದು ಮಕ್ಕಳಿಗೆ ಗೊತ್ತಿಲ್ಲ. ಏನು ಉಡಬೇಕೆಂದು ನಾವು ಆರಿಸುವುದೂ ಇಲ್ಲ. ಒಪ್ಪುಗ ಅಂತ ಒಂದಿದೆ. ಎತ್ತರ, ಮೈಬಣ್ಣ, ನಡಿಗೆ ಎಲ್ಲ ಅಳೆದು ನಮಗೆ ಒಪ್ಪುವುದನ್ನು ಅದೇ ಗೊತ್ತುಮಾಡುತ್ತದೆ. ನನ್ನ ಮೈಯೂ ತುಂಗಾಳ ಮೈಯೂ ಒಂದೇ ಆದಮೇಲೆ ಅದಕ್ಕೆ ಇರುವುದು ಒಂದೇ ಉತ್ತರ. ಅವಳು ಬದುಕಿದ್ದಾಗ ಊರಿನ ಎರಡು ತುದಿಗಳಲ್ಲಿ ಎದ್ದು ಇಬ್ಬರೂ ಒಂದೇ ಹಸಿರು ಉಡುತ್ತಿದ್ದೆವು. ಅವಳಿಗೆ ಅದು ತಮಾಷೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೇರೆ ಕೊಡು ಅಂತ ಜಗಳವಾಡಿದೆ. ಹಸಿರಿನ ಬದಲು ಹಳದಿ ಕೊಟ್ಟಿತು. ಅದು ಹೋದ ವರ್ಷ ತುಂಗಾ ಉಟ್ಟದ್ದು. ಏನೂ ಬೇಡ ಹೋಗು ಅಂದೆ. ಬೇಡ ಅಂದವರಿಗೆ ಅದು ಬೂದಿ ಬಣ್ಣದ್ದೊಂದು ಅಂಗಿ ತೊಡಿಸುತ್ತದೆ. ನಮ್ಮಲ್ಲಿ ಅದು ಆಸ್ಪತ್ರೆಯ ಬಣ್ಣ ಅನ್ನುವುದು ತಲೆಗೆ ಹೊಳೆಯಲಿಲ್ಲ ನೋಡಿ. ದಾರಿಯಲ್ಲಿ ಸಿಕ್ಕವರೆಲ್ಲ ಎಷ್ಟು ದಿನಾತವ್ವ, ಊಟ ಸೇರ್ತೈತಾ ಅಂತ ವಿಚಾರಿಸಿಕೊಂಡರು. ಒಬ್ಬಾಕೆಯಂತೂ ನನ್ನ ಕೈ ಹಿಡಿದು ರಸ್ತೆ ದಾಟಿಸಿದಳು. ಹಲ್ಲು ಕಡಿದುಕೊಂಡು ಮನೆಗೆ ಬಂದೆ.

ಆಗ ಉಳಿಕೆ ಓಣಿಗೆ ಹೋದೆ. ಕೋಟೆಗುಡ್ಡದ ಬುಡದಲ್ಲಿ ಇರುವ ಸಣ್ಣ ಓಣಿ. ಉಳಿಕೆ ಎಂದರೆ ಸಂಜೆ ಕರಗದೆ ಉಳಿಯುವ ಬಟ್ಟೆ, ನಿಮ್ಮ ಕಾಲದ್ದು. ಹಳೆಯ ಟ್ರಂಕುಗಳಿಂದ, ಕೆಡವಿದ ಮನೆಗಳ ಅಟ್ಟದಿಂದ ಹುಡುಕಿ ತಂದು ಅಲ್ಲಿ ತೂಗುಹಾಕಿರುತ್ತಾರೆ. ಹೊಸದಾಗಿ ಕೈಯಲ್ಲೇ ಹೊಲಿಯುವ ಹುಚ್ಚರೂ ಒಬ್ಬಿಬ್ಬರು ಇದ್ದಾರೆ. ಮರ್ಯಾದಸ್ಥರು ಅಲ್ಲಿಗೆ ಹೋಗುವುದಿಲ್ಲ ಅಂತ ನಮ್ಮ ಕಡೆ ಮಾತು. ನನಗೆ ಮರ್ಯಾದೆ ಕಟ್ಟಿಕೊಂಡು ಏನಾಗಬೇಕಿತ್ತು? ಮಾಬುನ್ನಿ ಅನ್ನುವವಳ ಅಂಗಡಿ ಹೊಕ್ಕೆ. ನನ್ನದೇ ವಯಸ್ಸು, ನಾಲಿಗೆ ಮಾತ್ರ ನನ್ನದಕ್ಕಿಂತ ಹರಿತ. ಏನು ಬೇಕು ಅಂತ ಕೇಳಿದಳು. ನನ್ನದು ಅನ್ನಿಸುವಂಥದ್ದು ಅಂದೆ. ನಿನಗೆ ಏನು ಇಷ್ಟ ಅಂದಳು. ಅರವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಆ ಓಣಿಯಲ್ಲೊಂದು ಪದ್ಧತಿ ಇದೆ, ಓಣಿನಡಿಗೆ ಅನ್ನುತ್ತಾರೆ. ಆರಿಸಿದ ಬಟ್ಟೆ ತೊಟ್ಟುಕೊಂಡು ಓಣಿಯ ಕೊನೆಯವರೆಗೆ ನಡೆದು ವಾಪಸ್ ಬರಬೇಕು. ಅಂಗಡಿ ಮುಂದೆ ಕೂತವರೆಲ್ಲ ಕಂಡದ್ದನ್ನು ಕಂಡಂತೆ ಹೇಳುತ್ತಾರೆ, ನಡೆಯುವವರು ತಿರುಗಿ ಮಾತಾಡುವಂತಿಲ್ಲ. ನಡೆಯುವಾಗ ಒಂದೇ ಒಂದು ಸಲ ಬಟ್ಟೆಯನ್ನು ಎಳೆದು ಸರಿಮಾಡಿಕೊಂಡರೂ ಮುಗಿಯಿತು, ಅದು ನಿನ್ನದಲ್ಲ ಅಂತ ಅಂಗಡಿಯವರು ಬಿಚ್ಚಿಸಿಕೊಳ್ಳುತ್ತಾರೆ. ಎಷ್ಟು ಬೇಡಿಕೊಂಡರೂ ಕೊಡುವುದಿಲ್ಲ. ತಿರುಗಿ ಮಾತಾಡಬೇಡ ಅಂದರೆ ನನ್ನಂಥವಳಿಗೆ ಅರ್ಧ ಪ್ರಾಣ ಹೋದ ಹಾಗೆ. ಉದ್ದ ತೋಳಿನ ರೇಷ್ಮೆ ಅಂಗಿ ತೊಟ್ಟು ನಡೆದೆ. ಎರವಲು ತಂದಂಗೈತೆ ಅಂದರು, ನನ್ನ ಕೈ ಆಗಲೇ ತೋಳು ಜಗ್ಗುತ್ತಿತ್ತು. ದೊಡ್ಡ ಕಾಲರಿನ ಫ್ರಾಕು ತೊಟ್ಟೆ. ಏನಕ್ಕಾ, ಮದುವಿಗೆ ಹೊಂಟೀಯೋ, ಮುನಿಸ್ಕೊಂಡು ತವರಿಗೆ ಹೊಂಟೀಯೋ ಅಂತ ಒಬ್ಬ ಕೇಳಿದ, ಓಣಿಯೆಲ್ಲ ನಕ್ಕಿತು. ಇಳಕಲ್ ಸೀರೆಗೆ ಒಳ್ಳೆಯ ಮಾತು ಬಂತು, ಆದರೆ ನಾನು ಸೆರಗು ಎಳೆದುಕೊಂಡೇ ಎಳೆದುಕೊಂಡೆ. ದಿನಾ ಹೋಗುತ್ತಿದ್ದೆ, ದಿನಾ ಬರಿಗೈಲಿ ಬರುತ್ತಿದ್ದೆ. ನಿನ್ನ ಕೈಗೆ ಏನಾದ್ರೂ ಕೆಲಸ ಕೊಡಬೇಕು ನೋಡು, ಸುಮ್ಮನಿರಂಗಿಲ್ಲ ಅಂತ ಮಾಬುನ್ನಿ ಬೈದಳು. ಬೈದವಳೇ ಒಳಗಿನ ಪೆಟ್ಟಿಗೆಯಿಂದ ನಿಮ್ಮ ಜಾಕೆಟ್ ತೆಗೆದಳು.

ಒಮ್ಮೆಯೂ ಯಾರೂ ತೊಡದೆ ಇಟ್ಟ ಬಟ್ಟೆಯಂತೆ ಅದು. ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಹಪ್ಪಳದಂತೆ ಗರಿಗರಿ. ನಿಜ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ನೋಡಿದಾಗ ನನಗೆ ಹಿಡಿಸಲಿಲ್ಲ. ತೋಳು ಹಾಕಿದರೆ ಕತ್ತು ಕೆರೆಯಿತು. ಬೇಡ ಅನ್ನುವಷ್ಟರಲ್ಲಿ ಕೈಗಳು ತಾವಾಗಿಯೇ ಜೇಬಿನೊಳಗೆ ಇಳಿದವು. ಮೈಪದರಕ್ಕೆ ಜೇಬು ಇರುವುದಿಲ್ಲ, ನಮಗೆ ಇಟ್ಟುಕೊಳ್ಳುವುದಕ್ಕೆ ಏನೂ ಇಲ್ಲವಲ್ಲ. ಒಂದು ಕೈ ಮೇಲೆ, ಒಂದು ಕೈ ಸ್ವಲ್ಪ ಕೆಳಗೆ, ಒಳಗೆ ಮೆತ್ತಗಿನ ಹೂವಿನ ಬಟ್ಟೆ. ಹಾಗೇ ನಡೆದೆ. ಕೊನೆಯವರೆಗೆ ಹೋಗಿ ಬಂದೆ, ಏನನ್ನೂ ಎಳೆಯಲಿಲ್ಲ. ಫ್ರಾಕಿಗೆ ನಕ್ಕಿದ್ದವನೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಂ, ಈಗ ಯಾರೋ ಬಂದ್ರು ನೋಡು ಅಂದ. ನನಗೆ ಅಳು ಬಂತು, ಮೂಗು ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ.

ಬಿಚ್ಚುವ ಮಾತೇ ಇಲ್ಲ. ಉರಿಬಿಸಿಲಲ್ಲಿ ಅದನ್ನೇ ತೊಟ್ಟು ಕೌಲ್ ಬಜಾರಿಗೆ ನಡೆದುಕೊಂಡು ಹೋದೆ. ಬೆವರು ಬೆನ್ನ ಮೇಲೆ ಹರಿಯುತ್ತಿತ್ತು. ಅವ್ವ ಬಾಗಿಲಲ್ಲೇ ಕೂತಿದ್ದಳು. ನನ್ನನ್ನು ನೋಡಿದಳು. ತುಂಗಾ ಅನ್ನಲಿಲ್ಲ. ನನ್ನ ಜೀವಕ್ಕೆ ಎಷ್ಟು ಹಿತವಾಯಿತೆಂದರೆ, ಓಡಿಹೋಗಿ ತಬ್ಬಿಕೊಂಡು ಅವಳ ಕೆನ್ನೆ ಸವರಿದೆ, ಎರಡೂ ಕೈ ಹಿಡಿದು ಕೂತೆ. ಅವ್ವ ಮೆಲ್ಲಗೆ ಕೈ ಬಿಡಿಸಿಕೊಂಡು, ಯಾರವ್ವಾ ನೀನು, ಬಿಸಿಲಾಗ ಬಂದೀಯ, ನೀರು ಕುಡೀತೀಯಾ ಅಂದಳು. ದಾರಿಹೋಕರನ್ನು ಕೇಳುವ ಹಾಗೆ. ಥೂ ನನ್ನ ಹಣೆಬರಹವೇ! ತುಂಗಾ ಆಗುವುದು ತಪ್ಪಿತು, ಪಂಪಾ ಆಗುವುದೂ ತಪ್ಪಿತು. ಹೆತ್ತವಳ ಮುಂದೆ ಯಾರೋ ಆಗಿ ಕೂತಿದ್ದೆ.

ಆಗ ಅವಳ ಕೆನ್ನೆ ಕಣ್ಣಿಗೆ ಬಿತ್ತು. ಕೆನ್ನೆಯ ಮೇಲೆ ನೀಲಿ. ಬಗ್ಗಿ ನೋಡಿದರೆ ಎರಡೂ ಅಂಗೈ ನೀಲಿ. ತೋಳು ಮೇಲಕ್ಕೆ ಸರಿಸಿ ನನ್ನ ಕೈ ನೋಡಿಕೊಂಡೆ, ಮೊಣಕೈವರೆಗೆ ನೀಲಿ. ಬಟ್ಟೆ ಬಣ್ಣ ಬಿಡುತ್ತದೆ ಅನ್ನುವುದು ನಿಮಗೆ ಹಾಲು ಬಿಳಿ ಅನ್ನುವಷ್ಟು ಗೊತ್ತಿರುವ ಸಂಗತಿ. ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವ್ವನಿಗೆ ವಿಷ ಏರಿತು ಅಂತಲೇ ನಾನು ತಿಳಿದದ್ದು. ಕಿರುಚಿದೆ. ಅಯ್ಯೋ ಶಿವನೇ ಅಂದೆ, ಮಾಬುನ್ನಿಯ ಮನೆ ಹಾಳಾಗ ಅಂದೆ, ತಪ್ಪು ತಿಳಿಯಬೇಡಿ, ನಿಮಗೂ ಎರಡು ಬೈಗುಳ ಬಿದ್ದವು. ಅವ್ವನ ಕೈ ನೀರಿಗೆ ಹಿಡಿದು ತಿಕ್ಕುತ್ತೇನೆ, ಬೀದಿಗೆ ಓಡುತ್ತೇನೆ, ಮತ್ತೆ ಒಳಗೆ ಓಡಿ ಬರುತ್ತೇನೆ. ಅವ್ವ ಸುಮ್ಮನೆ ನೋಡುತ್ತಾ ಇದ್ದವಳು ನಗಲು ಶುರುಮಾಡಿದಳು. ಇಷ್ಟು ರಂಪ ಮಾಡೋಳು ನಮ್ಮ ಪಂಪಾ ಒಬ್ಬಳೇ, ತುಂಗಾ ಯಾವತ್ತೂ ದನಿ ಏರಿಸಿದೋಳಲ್ಲ ಅಂದಳು. ತುಂಗಾಳ ಹೆಸರು ಅವಳೇ ಎತ್ತಿದಳು, ಅಳಲಿಲ್ಲ. ಎಷ್ಟು ದಿನಾತೇ ನೀ ಬಂದು, ನನ್ನ ಮರ್ತೇ ಬಿಟ್ಟೀಯೇನು ಅಂತ ನೀಲಿ ಕೈಯಲ್ಲೇ ನನ್ನ ಕೆನ್ನೆಗೆ ಮೆಲ್ಲಗೆ ಹೊಡೆದಳು.

ಆ ಸಂಭ್ರಮದಲ್ಲಿ ಮನೆಗೆ ಬಂದವಳು ಮಾಡಿದ ಕೆಲಸ ಕೇಳಿ. ಸಂಜೆಯಾದರೆ ತೊಟ್ಟದ್ದರ ಸಮೇತ ಕರಗುನೀರಿಗೆ ಇಳಿಯುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಕಾಲು ತಾನಾಗಿ ಹೋಯಿತು. ಕುತ್ತಿಗೆವರೆಗೆ ಮುಳುಗಿದ ಮೇಲೆ ಜಾಕೆಟ್ ಮೈಮೇಲಿದೆ ಅನ್ನುವುದು ನೆನಪಾಯಿತು. ತೊಟ್ಟಿ ತುಂಬ ನೀಲಿ. ಬಟ್ಟೆ ಕರಗಲಿಲ್ಲ, ನಿಮ್ಮ ಹೊಲಿಗೆ ಒಂದೂ ಬಿಚ್ಚಲಿಲ್ಲ, ಕೆಂಪು ಮೂರಕ್ಷರವೂ ಹಾಗೇ ಇದೆ. ಬಣ್ಣ ಮಾತ್ರ ಅಷ್ಟೂ ಹೋಗಿ ಗೋಣಿಚೀಲದಂತಾಗಿದೆ. ಮಾಬುನ್ನಿ ನೋಡಿ ತಲೆ ಚಚ್ಚಿಕೊಂಡಳು. ಇನ್ನೊಂದು ಇದೆಯೇ ಅಂದರೆ, ಇಡೀ ಓಣಿ ಜಾಲಾಡಿದರೂ ತೊಡದ ನೀಲಿ ಇನ್ನೊಂದಿಲ್ಲ ಅಂದಳು. ನಿಮ್ಮ ಕಾಲದವರು ತೊಟ್ಟರು, ಒಗೆದರು, ಬೇಸರವಾದ ಕೂಡಲೇ ಬಿಸಾಕಿದರು.

ಮರುದಿನ ಬೇರೆ ದಾರಿಯಿಲ್ಲದೆ ಒಪ್ಪುಗ ಕೊಟ್ಟ ಹಸಿರಿನಲ್ಲೇ ಅವ್ವನ ಬಾಗಿಲಿಗೆ ಹೋದೆ. ತುಂಗಾಳ ಹಸಿರು. ಕೈಗೆ ಜೇಬಿಲ್ಲ, ಎಲ್ಲಿಡಬೇಕೋ ತಿಳಿಯದೆ ನಿಂತಿದ್ದೆ. ಅವ್ವನ ಮುಖ ಅರಳಿತು. ತು ಅಂತ ಬಾಯಿ ತೆಗೆದವಳು ತನ್ನ ಅಂಗೈ ನೋಡಿಕೊಂಡಳು. ಅವಳ ನಿನ್ನೆಯ ಮೈಪದರ ಕರಗಿ ಹೋಗಿತ್ತು, ಕೈಯಲ್ಲಿ ನೀಲಿ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಪಂಪಾ, ಒಳಗೆ ಬಾ ಅಂದಳು.

ಅವತ್ತಿನಿಂದ ದಿನಾ ಹೋಗುತ್ತಿದ್ದೇನೆ. ದಿನಾ ಮೊದಲು ಅಂಗೈ ನೋಡಿಕೊಳ್ಳುತ್ತಾಳೆ, ಆಮೇಲೆ ನನ್ನನ್ನು. ಆ ಕೈಯನ್ನು ನೀರಿಗೆ ಹಾಕಲು ನಾನು ಬಿಡುವುದಿಲ್ಲ, ನಾನೇ ತುತ್ತು ಮಾಡಿ ಉಣ್ಣಿಸುತ್ತೇನೆ. ಆದರೂ ನೀಲಿ ಮಾಸುತ್ತಿದೆ. ಕೆನ್ನೆಯದು ಹೋಯಿತು. ಅಂಗೈಯಲ್ಲಿ ಗೆರೆಗಳ ಸಂದಿಯಲ್ಲಿ ಮಾತ್ರ ಉಳಿದಿದೆ. ಇವತ್ತು ಬೆಳಗ್ಗೆ ಅವ್ವ ಕೈಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ಹುಡುಕಿದಳು. ಅಲ್ಲಿಂದ ಬಂದಾಗಿನಿಂದ ನನಗೆ ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ.

ಅದಕ್ಕೇ ಈ ಕಾಗದ. ನಿಮ್ಮ ಕಡೆಯಿಂದ ಈ ಕಡೆಗೆ ಬಟ್ಟೆ ಬರುವುದಕ್ಕೆ ಇರುವುದು ಒಂದೇ ದಾರಿ, ಯಾರಾದರೂ ಅದನ್ನು ಇಟ್ಟುಕೊಂಡಿರಬೇಕು. ಕಾಲು ಹಿಡಿದು ಕೇಳುತ್ತೇನೆ, ಇನ್ನೊಂದು ಹೊಲಿಯಿರಿ. ಜೇಬು ಹೇಗಾದರೂ ಇರಲಿ, ಮೇಲೆ ಕೆಳಗೆ ಆದರೂ ಚಿಂತೆಯಿಲ್ಲ. ಚೆನ್ನಾಗಿ ಬಣ್ಣ ಬಿಡುವ ಬಟ್ಟೆ ಆರಿಸಿ. ಮಾರಬೇಡಿ, ತೊಡಬೇಡಿ, ನೀರು ಸೋಕಿಸಬೇಡಿ. ಒಂದು ಪೆಟ್ಟಿಗೆಯಲ್ಲಿ ಹಾಕಿ ಮಗಳಿಗೆ ಕೊಡಿ, ಅವಳು ಅವಳ ಮಗಳಿಗೆ ಕೊಡಲಿ. ಕೋಟೆಗುಡ್ಡದ ಬುಡದ ಓಣಿಯಲ್ಲಿ ಮಾಬುನ್ನಿಯ ಅಂಗಡಿಗೆ ನಾಳೆ ಬೆಳಗ್ಗೆ ಮತ್ತೆ ಹೋಗುತ್ತೇನೆ. ನೀವು ಇಟ್ಟಿದ್ದರೆ ಅದು ಅಲ್ಲಿರುತ್ತದೆ. ಬೇಗ ಹೊಲಿಯಿರಿ, ನಮ್ಮವ್ವ ಕಾಯುತ್ತಿದ್ದಾಳೆ.

ನಿಮ್ಮ
ಕೌಲ್ ಬಜಾರಿನ ಎರ್ರಮ್ಮನ ಮಗಳು ಪಂಪಾ